ಮೋಡದ ದಿನದ ತಂಡ

ಬಿಸಿಲಿದ್ದರೆ ಅವರು ಆಡುತ್ತಿರಲಿಲ್ಲ. ಇದೊಂದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದೆಲ್ಲ ಸಲೀಸು.

ಬಣ್ಣದ ಕಾರ್ಖಾನೆಯಲ್ಲಿ ನೂಲಿನ ಲಡಿಗಳನ್ನು ನೀಲಿ ಹಂಡೆಯಲ್ಲಿ ಅದ್ದಿ, ಹಿಂಡಿ, ಹಿಂದಿನ ಅಂಗಳದಲ್ಲಿ ಗಳಗಳ ಮೇಲೆ ಸಾಲಾಗಿ ತೂಗುಹಾಕುತ್ತಿದ್ದರು. ಬಿಸಿಲಿದ್ದ ದಿನ ಆ ಅಂಗಳದಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಮೋಡ ಕವಿದ ದಿನ ಲಡಿ ಒಣಗುವುದಿಲ್ಲ, ಒಣಗದ ಲಡಿಯ ಮೇಲೆ ಹೊಸ ಲಡಿ ಬರುವುದಿಲ್ಲ. ಹಂಡೆಯ ಒಲೆ ಆರಿಸಿ ಕೆಲಸದವರೆಲ್ಲ ಕೈಕಟ್ಟಿ ಕೂರಬೇಕು. ಹಾಗೆ ಕೂತು ಕೂತು ಬೇಸತ್ತವರು ಒಂದು ದಿನ ಎದ್ದು ನಾಲ್ಕು ಗಳ ಕಿತ್ತರು, ಆ ತುದಿಗೆರಡು ಈ ತುದಿಗೆರಡು ನೆಟ್ಟರು, ಚಿಂದಿ ನೂಲನ್ನು ಉಂಡೆ ಸುತ್ತಿ ಒದೆಯತೊಡಗಿದರು. ಆಮೇಲೆ ನಿಜವಾದ ಚೆಂಡು ಬಂತು, ಹನ್ನೊಂದು ಜನರ ತಂಡವಾಯಿತು, ಕಾಗದದ ಮೇಲೆ ಉದ್ದನೆಯ ಹೆಸರೂ ಬಂತು. ಆ ಹೆಸರು ಯಾರ ಬಾಯಿಗೂ ಹತ್ತಲಿಲ್ಲ. ಊರಿನವರು ಕರೆದದ್ದು ಮೋಡದ ತಂಡ ಎಂದೇ.

ಆ ತಂಡ ಇಪ್ಪತ್ತಮೂರು ವರ್ಷ ಆಡಿತು. ಒದ್ದೆ ನೆಲದಲ್ಲಿ ಅವರನ್ನು ಮುಟ್ಟುವವರಿರಲಿಲ್ಲ. ಬಿಸಿಲಲ್ಲಿ ಬೇರೆಯವರ ಮೈದಾನಕ್ಕೆ ಹೋದದ್ದು ಎರಡೇ ಸಲ. ಎರಡು ಸಲವೂ ಏಳೇಳು ಗೋಲು ತಿಂದು ಬಂದರು. ಒಣ ನೆಲದ ಮೇಲೆ ಚೆಂಡು ಅಷ್ಟೆತ್ತರ ಪುಟಿಯುತ್ತದೆ ಎನ್ನುವುದೇ ಪಾಪ ಅವರಿಗೆ ಹೊಸ ಸಂಗತಿಯಾಗಿತ್ತು.

ಆಟ ಮುಗಿದ ಮೇಲೆ ಹನ್ನೊಂದು ಜನವೂ ಲಡಿ ಜೋಡಿಸಿಡುವ ಕೊಟ್ಟಿಗೆಯಲ್ಲಿ ದುಂಡಗೆ ಕೂರುತ್ತಿದ್ದರು. ಮೊಣಕೈವರೆಗೆ ನೀಲಿಯಾದ ಇಪ್ಪತ್ತೆರಡು ಕೈ ಮಂಡಿಯ ಮೇಲೆ. ಅಲ್ಲಿ ಆಟವನ್ನು ಪದ ಕಟ್ಟಿ ಹೇಳುವುದು ಪದ್ಧತಿ. ಅದಕ್ಕೆ ಎರಡೇ ನಿಯಮ. ಒಂದು, ತನ್ನ ಆಟವನ್ನು ತನ್ನ ಬಾಯಿಂದ ಹೇಳುವಂತಿಲ್ಲ, ಪಕ್ಕದಲ್ಲಿ ಕೂತವನು ಹೇಳಬೇಕು. ಹೇಳಿಸಿಕೊಳ್ಳುವವನು ತಲೆ ತಗ್ಗಿಸಿ ನೆಲ ನೋಡಬೇಕು. ಎರಡು, ಒಬ್ಬನ ಪದ ಹೇಳುವಾಗ ಅವನ ಮನೆಯವರು ಯಾರಾದರೂ ಬಾಗಿಲಲ್ಲಿದ್ದರೆ ಎದ್ದು ಹೊರಗೆ ಹೋಗಬೇಕು. ಹೊಗಳಿಕೆ ಮನೆಗೆ ಹೋಗಬಾರದು, ಹೋದರೆ ಮಾರನೆಯ ದಿನ ಕೆಲಸಕ್ಕೆ ಬರುವುದಿಲ್ಲ ಎಂದು ತಂಡದಲ್ಲೇ ಆಡುತ್ತಿದ್ದ ಹಂಡೆ ಮೇಸ್ತ್ರಿ ನಗುತ್ತಿದ್ದ. ನಗುತ್ತಲೇ ಹೇಳಿದರೂ ಆ ನಿಯಮವನ್ನು ಯಾರೂ ಮೀರಲಿಲ್ಲ. ಏನನ್ನೂ ಬರೆದಿಡಲೂ ಇಲ್ಲ. ಸದಾ ನೀರು ಸೋರುವ ಆ ಜಾಗದಲ್ಲಿ ಕಾಗದ ಉಳಿಯುತ್ತಿರಲಿಲ್ಲ, ಬಾಯಿಪಾಠ ಉಳಿಯುತ್ತಿತ್ತು.

ಆಮೇಲೆ ಕಾರ್ಖಾನೆಗೆ ಹಬೆಯಲ್ಲಿ ಲಡಿ ಒಣಗಿಸುವ ಕೋಣೆ ಬಂತು. ಮೋಡವಿರಲಿ ಬಿಸಿಲಿರಲಿ, ಕೆಲಸ ನಿಲ್ಲುವುದಿಲ್ಲ. ಹಾಗಾಗಿ ತಂಡವನ್ನು ಯಾರೂ ಮುಚ್ಚಲಿಲ್ಲ, ಜಗಳವಾಗಲಿಲ್ಲ, ಕೊನೆಯ ಆಟ ಎಂದು ಯಾರೂ ಆಡಲಿಲ್ಲ. ಆಡುವ ದಿನವೇ ಬರದೆ ಹೋಯಿತು, ಅಷ್ಟೆ. ಇನ್ನು ಕೆಲವು ವರ್ಷಕ್ಕೆ ಕಾರ್ಖಾನೆಯೂ ಹೋಯಿತು.

ಇದನ್ನೆಲ್ಲ ಬೈಂಡಿಂಗ್ ಅಕ್ಕ ಎಂದು ಬೀದಿಯವರು ಕರೆಯುವ ಹೆಂಗಸು ಈಗ ಬರೆದುಕೊಳ್ಳುತ್ತಿದ್ದಳು. ಅವಳ ವಯಸ್ಸು ಐವತ್ತೆರಡು. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಒತ್ತುವ ಯಂತ್ರ, ಎರಡು ದಬ್ಬಳ, ಅಂಟಿನ ಬೋಗುಣಿ, ಗೋಡೆಗೆ ಆನಿಸಿದ ರಟ್ಟುಗಳು. ಕಾರ್ಖಾನೆಯ ಅಂಗಳ ಈಗ ಹೆಣ್ಣುಮಕ್ಕಳ ಶಾಲೆಯ ಆಟದ ಬಯಲಾಗಿತ್ತು. ಅಲ್ಲಿನ ಹೆಡ್ ಮೇಡಂ ಒಂದು ದಿನ ಬಂದು, "ನಮ್ಮ ಹುಡುಗೀರೂ ತಂಡ ಕಟ್ಟಿದ್ದಾರೆ. ಆ ನೆಲದಲ್ಲಿ ಮೊದಲು ಆಡಿದವರು ಯಾರು ಅಂತ ಅವರಿಗೆ ಗೊತ್ತಾಗ್ಲಿ. ಹನ್ನೊಂದು ಜನಕ್ಕೆ ಹನ್ನೊಂದು ಹಾಳೆ, ಒಂದು ಪುಸ್ತಕ ಮಾಡ್ಕೊಡಿ. ಶನಿವಾರ ಬೆಳಿಗ್ಗೆ ಕೊಟ್ಟಿಗೇಲಿ ಓದ್ಸೋಣ," ಎಂದಿದ್ದಳು.

ಹೇಳಲು ಅಕ್ಕನ ಅಪ್ಪ ಇದ್ದ. ಲಡಿಗೆ ಗಂಟು ಹಾಕುವ ಕೆಲಸ ಮಾಡಿದವನಾದ್ದರಿಂದ ತಂಡದಲ್ಲಿ ಅವನ ಹೆಸರು ಗಂಟಣ್ಣ. ಗೋಲಿನ ಮುಂದೆ ನಿಂತು ಕಾಯುವ ಬ್ಯಾಕ್ ಆಗಿದ್ದ. ಎಪ್ಪತ್ತಾರು ವರ್ಷ, ಮಂಡಿ ಹೋಗಿತ್ತು, ನೆನಪು ಹೋಗಿರಲಿಲ್ಲ. ಬೆಳಿಗ್ಗೆ ಚಹಾ ಕುಡಿದು ಕಿಟಕಿಯ ಪಕ್ಕ ಕೂತು ಕಣ್ಣು ಮುಚ್ಚಿದರೆ ಪದ ತಾನಾಗಿ ಬರುತ್ತಿತ್ತು. ಕಾರ್ಖಾನೆಯ ಕಾವಲುಗಾರನಾಗಿದ್ದ ಗೋಲ್‌ಕೀಪರಿಗೆ ಕದ ಎಂದು ಅಡ್ಡಹೆಸರು. ಅವನ ಪದ ಹೀಗೆ:

ಬಂದ ಚೆಂಡಿಗೆ ಕದವನಿಕ್ಕಿದವನು,
ಎರಡು ಕೈಗಳ ಅಗಳಿ ಹಾಕಿದವನು,
ಸಂಬಂಧಿಕರು ಬಂದು ತಟ್ಟಿದರೂ ತೆರೆಯದವನು.

ಸೂಜಿ ಎಂಬ ಸಣಕಲನದ್ದು:

ಓಡಿದನೆಂದರೆ ನೆರಳು ಹಿಂದುಳಿಯಿತು,
ನಿಂತನೆಂದರೆ ನೆರಳು ಬಂದು ಸೇರಿತು.

ಅಡುಗೆಮನೆಯ ದಡೂತಿಯದ್ದು:

ಓಡಲಿಲ್ಲ ಅವನು, ಒಂದು ಹೆಜ್ಜೆಯೂ ಓಡಲಿಲ್ಲ,
ಓಡುವವರೆಲ್ಲ ಅವನ ಸುತ್ತ ಸುತ್ತಿ ದಣಿದರು.

ಅಕ್ಕ ಬರೆದುಕೊಳ್ಳುವಾಗ ತುಟಿ ಅಲ್ಲಾಡಿಸುತ್ತಿದ್ದಳು. ಅವಳಿಗೂ ಇವೆಲ್ಲ ಬರುತ್ತಿದ್ದವು. ಚಿಕ್ಕಂದಿನಲ್ಲಿ ಕೊಟ್ಟಿಗೆಯ ಹೊಸ್ತಿಲ ಮೇಲೆ ಕೂತು ಕೇಳಿ ಕೇಳಿ, ಶಾಲೆಯ ಪದ್ಯಕ್ಕಿಂತ ಮೊದಲು ಇವು ಒಳಗೆ ಇಳಿದಿದ್ದವು. ಹತ್ತು ಹಾಳೆ ಎರಡು ದಿನದಲ್ಲಿ ತುಂಬಿತು. ಮಂಗಳವಾರ ಹನ್ನೊಂದನೆಯ ಹಾಳೆಯನ್ನು ಮುಂದಿಟ್ಟುಕೊಂಡು, "ಇನ್ನು ನಿಂದು ಹೇಳಪ್ಪ," ಎಂದಳು.

ಅಪ್ಪ ಕಣ್ಣು ತೆರೆದ. "ನಂದು ನಾನು ಹೇಗೆ ಹೇಳೋದು?"

"ಬೇರೆ ಯಾರು ಹೇಳ್ತಾರೆ?"

"ಮೇಸ್ತ್ರಿ ಹೇಳ್ತಿದ್ದ."

ಹಂಡೆ ಮೇಸ್ತ್ರಿ ತೀರಿಕೊಂಡು ವರ್ಷವಾಗಿತ್ತು. ಉಳಿದ ಒಂಬತ್ತು ಜನ ಅವನಿಗೂ ಮೊದಲೇ ಹೋಗಿದ್ದರು. ಆ ನಿಯಮ ಮಾಡುವಾಗ ಹನ್ನೊಂದು ಜನರಲ್ಲಿ ಒಬ್ಬ ಕೊನೆಗೆ ಉಳಿಯುತ್ತಾನೆ, ಅವನ ಪಕ್ಕದಲ್ಲಿ ಆಗ ಯಾರೂ ಇರುವುದಿಲ್ಲ ಎಂದು ಒಬ್ಬರಿಗೂ ಹೊಳೆದಿರಲಿಲ್ಲ. ಎಲ್ಲರೂ ಯಾವಾಗಲೂ ದುಂಡಗೆ ಕೂತೇ ಇರುತ್ತಾರೆ ಎಂದುಕೊಂಡಿದ್ದರು.

"ಪದ ನಿಂಗೆ ಬರುತ್ತೆ ತಾನೆ?"

"ಬರದೆ ಏನು. ಹದಿನೈದು ವರ್ಷ ಕೇಳಿದೀನಿ, ನೆಲ ನೋಡ್ಕೊಂಡು."

"ಹಾಗಾದ್ರೆ ಮೆಲ್ಲಗೆ ಹೇಳು. ನಾನು ಯಾರಿಗೂ ಹೇಳಲ್ಲ."

"ಪುಸ್ತಕದಲ್ಲಿ ಬರೀತೀನಿ, ಯಾರಿಗೂ ಹೇಳಲ್ಲ ಅಂತೀಯಲ್ಲ ಮಗಳೇ," ಎಂದು ಅಪ್ಪ ನಕ್ಕು, ಲೋಟ ಕೆಳಗಿಟ್ಟು, ಕಿಟಕಿಯ ಕಡೆ ತಿರುಗಿಬಿಟ್ಟ. ಅವನು ಹಾಗೆ ತಿರುಗಿದರೆ ಮುಗಿಯಿತು. ಎತ್ತಿ ಬೇರೆ ಕಡೆ ಕೂರಿಸಬಹುದು, ಬಾಯಿ ಬಿಡಿಸಲಾಗದು.

ಅವಳಿಗೆ ಆ ಪದ ಬೇಕಿದ್ದದ್ದು ಪುಸ್ತಕಕ್ಕೆ ಮಾತ್ರವಲ್ಲ. ಚಿಕ್ಕಂದಿನಲ್ಲಿ ಮೇಸ್ತ್ರಿ ಗಂಟಲು ಸರಿಮಾಡಿಕೊಂಡು, "ಇನ್ನು ನಮ್ಮ ಗಂಟು," ಎಂದ ಕೂಡಲೇ ಅವಳು ಹೊಸ್ತಿಲಿನಿಂದ ಎದ್ದು ಅಂಗಳದ ಮೂಲೆಯ ತೊಳೆಯುವ ತೊಟ್ಟಿಯ ಹತ್ತಿರ ಹೋಗಿ ಕೈ ಅದ್ದಿಕೊಂಡು ನಿಲ್ಲಬೇಕಾಗುತ್ತಿತ್ತು. ಅಲ್ಲಿಗೆ ಮಾತು ಕೇಳುತ್ತಿರಲಿಲ್ಲ. ಮೇಸ್ತ್ರಿಯ ದನಿ ಏರುವುದು ಇಳಿಯುವುದು ಕೇಳುತ್ತಿತ್ತು. ಆಮೇಲೆ ಒಂದು ನಿಶ್ಶಬ್ದ. ಆಮೇಲೆ ಹತ್ತು ಗಂಡಸರ ನಗು, ತಗಡಿನ ಮಾಡು ಅದುರುವಂಥದು. ಬೇರೆ ಯಾರ ಪದಕ್ಕೂ ಹಾಗೆ ಮೊದಲು ಸುಮ್ಮನಾಗಿ ಆಮೇಲೆ ನಗುತ್ತಿರಲಿಲ್ಲ. ನಗು ಮುಗಿದ ಮೇಲೆ ಮೇಸ್ತ್ರಿ ಬಾಗಿಲಿಗೆ ಬಂದು, "ಬಾ ಮಗಾ, ನಿಮ್ಮಪ್ಪಂದು ಮುಗೀತು," ಎನ್ನುತ್ತಿದ್ದ. ಬೀದಿಯವರನ್ನು ಕೇಳಿದರೆ ಅವರೂ ಬಾಯಿ ಬಿಡುತ್ತಿರಲಿಲ್ಲ. ಆ ನಿಯಮ ಬೀದಿಗೂ ಅಂಟಿಕೊಂಡಿತ್ತು. ಈಗ ಆ ಬೀದಿಯವರೇ ಇಲ್ಲ, ಕಾರ್ಖಾನೆಯ ಜೊತೆಗೆ ಚದುರಿಹೋದರು. ಆ ನಿಶ್ಶಬ್ದ ಯಾಕೆ, ಆ ನಗು ಯಾಕೆ ಎನ್ನುವುದು ನಲವತ್ತು ವರ್ಷದಿಂದ ಅವಳ ಎದೆಯೊಳಗೆ ಕೂತೇ ಇತ್ತು. ಈಗ ಅಪ್ಪನೊಬ್ಬನೇ ಉಳಿದಿದ್ದ. ಅವನ ಜೊತೆ ಅದೂ ಹೋಗಿಬಿಟ್ಟರೆ ಪುಸ್ತಕದ ಹನ್ನೊಂದನೆಯ ಹಾಳೆ ಖಾಲಿ, ಅವಳ ಪಾಲಿಗೂ ಖಾಲಿ.

ಬುಧವಾರ ರಟ್ಟಿಗೆ ಅಂಟು ಸವರುತ್ತಿದ್ದವಳಿಗೆ ಒಂದು ಯೋಚನೆ ಬಂತು. ಕುಂಚ ಬೋಗುಣಿಯಲ್ಲೇ ಬಿಟ್ಟು ಒಳಗೆ ಹೋದಳು.

"ಅಪ್ಪ, ಪಕ್ಕದಲ್ಲಿ ಕೂತವನು ಹೇಳಬೇಕು ಅಂತ ತಾನೆ ನಿಯಮ? ನಮ್ಮ ತಂಡದವನೇ ಆಗಬೇಕು ಅಂತ ಇತ್ತಾ?"

ಅಪ್ಪ ಅವಳ ಕಡೆ ತಿರುಗಿದ. "ಹಾಗಂತ ಯಾರೂ ಹೇಳಿರ್ಲಿಲ್ಲ. ಬೇರೆಯವರು ಬಂದು ನಮ್ಮನ್ನ ಹೊಗಳ್ತಾರೆ ಅಂತ ನಮಗೆ ಅನಿಸಿರ್ಲಿಲ್ಲ ನೋಡು."

"ಎದುರು ತಂಡದವರು?"

"ಯಾರು, ಸಿಗ್ನಲ್ಲಾ? ಅವನು ಬೈತಾನೆ." ಅಪ್ಪನ ಮುಖದಲ್ಲಿ ಒಂದು ಬೆಳಕು ಬಂದು ಹೋಯಿತು. "ಅಲ್ಲದೆ ಅವನು ಕಂಡಿಲ್ಲ. ಅವನ ಕಣ್ಣು ಮುಚ್ಚಿತ್ತು."

ಅಂದವನೇ ನಾಲಿಗೆ ಕಚ್ಚಿಕೊಂಡ. "ಅಷ್ಟೆ. ಇನ್ನು ಕೇಳಬೇಡ."

ಅಷ್ಟೇ ಸಾಕಾಗಿತ್ತು.

ಸಿಗ್ನಲ್ ತಾತ ರೈಲು ಯಾರ್ಡಿನ ತಂಡದಲ್ಲಿ ಅಂಚಿನಲ್ಲಿ ಓಡುವ ಆಟಗಾರನಾಗಿದ್ದ. ಕೆಲಸ ಸಿಗ್ನಲ್ ಎಳೆಯುವುದು. ಅವನೆಂದರೆ ಅಕ್ಕನಿಗೆ ಆಗುತ್ತಿರಲಿಲ್ಲ. ಕಾರಣವೂ ಇತ್ತು. ಮಾರುಕಟ್ಟೆಯಲ್ಲೋ ಔಷಧಿ ಅಂಗಡಿಯಲ್ಲೋ ಅಪ್ಪ ಕಣ್ಣಿಗೆ ಬಿದ್ದರೆ ಸಾಕು, ನಾಲ್ಕು ಜನರ ಮಧ್ಯೆ ದೊಡ್ಡ ದನಿ ತೆಗೆದು, "ಏನಯ್ಯಾ ಗೋಲು ತಿಂದವನೇ, ಜೀರ್ಣ ಆಯ್ತಾ?" ಎನ್ನುತ್ತಿದ್ದ. ಅಪ್ಪ ತಲೆಯಾಡಿಸಿ, "ಇನ್ನೂ ಇಲ್ಲ ಕಣಯ್ಯಾ," ಎನ್ನುತ್ತಿದ್ದ. ಇದು ನಲವತ್ತನಾಲ್ಕು ವರ್ಷದಿಂದ ನಡೆದಿತ್ತು. ಅಪ್ಪ ಯಾಕೆ ಸುಮ್ಮನೆ ಬೈಸಿಕೊಳ್ಳುತ್ತಾನೆ ಎಂದು ಅವಳಿಗೆ ಉರಿಯುತ್ತಿತ್ತು. ಎರಡು ವರ್ಷದ ಹಿಂದೆ ಅವನು ಬೆನ್ನು ಕಿತ್ತ ಹಳೆಯ ಪುಸ್ತಕವೊಂದನ್ನು ಬೈಂಡ್ ಮಾಡಿಸಲು ತಂದಾಗ, ಕೈ ಖಾಲಿ ಕೂತಿದ್ದರೂ, "ಈಗ ಪುರುಸೊತ್ತಿಲ್ಲ," ಎಂದು ಕಳಿಸಿದ್ದಳು.

ಗುರುವಾರ ಬೆಳಿಗ್ಗೆ ಅವಳು ಅವನ ಮನೆಯ ಮೆಟ್ಟಿಲು ಹತ್ತಿದಳು. ಅಡುಗೆಮನೆ, ಊಟದ ಮೇಜು, ಮಲಗುವ ಮಂಚ ಎಲ್ಲ ಒಂದರ ಪಕ್ಕ ಒಂದು ಇರುವ ಸಣ್ಣ ಮನೆ. ತಾತ ಮೇಜಿನ ಮುಂದೆ ಕೂತು ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದ. ಅವನ ಹೆಂಡತಿ ಒಲೆಯ ಹತ್ತಿರ ಬಟ್ಟಲು ಒರೆಸುತ್ತಿದ್ದಳು.

"ಪುರುಸೊತ್ತಾಯ್ತಾ?" ಎಂದ ತಾತ, ತಲೆ ಎತ್ತದೆ.

"ಆ ಪುಸ್ತಕ ಕೊಡಿ ತಾತ, ಕಟ್ಟಿಕೊಡ್ತೀನಿ. ತಪ್ಪಾಯ್ತು."

"ನಿಮ್ಮಪ್ಪ ಇಷ್ಟು ಬೇಗ ತಪ್ಪಾಯ್ತು ಅನ್ನೋನಲ್ಲ. ಏನು ಬೇಕಾಗಿತ್ತು?"

ಅವಳು ಹೇಳಿದಳು. ಕೊಟ್ಟಿಗೆ, ನಿಯಮ, ಖಾಲಿ ಹಾಳೆ, ಶನಿವಾರ. ಹೆಂಡತಿ ಬಟ್ಟಲು ಒರೆಸುವುದನ್ನು ನಿಲ್ಲಿಸಿ ಕೇಳಿದಳು. ಹೇಳಿ ಮುಗಿಸಿದ ಅಕ್ಕ, ಅಭ್ಯಾಸಬಲದಿಂದ, ಕುರ್ಚಿಯಿಂದ ಅರ್ಧ ಎದ್ದಿದ್ದಳು.

"ಎಲ್ಲಿಗೆ?"

"ಅಪ್ಪನ ಪದ ಹೇಳುವಾಗ ಮನೆಯವರು ಹೊರಗೆ ಹೋಗಬೇಕು ತಾತ. ನಿಮ್ಮ ಯಜಮಾನ್ತಿಯವರು ಬರೆದುಕೊಳ್ಳಲಿ, ನಾನು ಮೆಟ್ಟಿಲ ಮೇಲೆ ಇರ್ತೀನಿ."

"ಹೊಗಳೋದಾದ್ರೆ ಹೋಗು. ನಾನು ಬೈಯೋನು. ಬೈಗುಳ ಮನೆಯವರು ಕೇಳಬಾರದು ಅಂತ ನಿಯಮ ಇದೆಯಾ?"

ಇರಲಿಲ್ಲ. ಅವಳು ಕೂತಳು.

"ಆವತ್ತು ಫೈನಲ್," ಎಂದ ತಾತ, ಗಡಿಯಾರ ಪಕ್ಕಕ್ಕಿಟ್ಟು. "ನಮ್ಮ ಮೈದಾನದಲ್ಲಿ ನೀರು ನಿಂತಿತ್ತು, ಅದಕ್ಕೆ ನಿಮ್ಮ ಅಂಗಳದಲ್ಲಿ. ಸಣ್ಣಗೆ ಹನೀತಾ ಇತ್ತು. ನೀವು ಒಂದು, ನಾವು ಒಂದು. ಐದು ನಿಮಿಷ ಇತ್ತೋ ಇಲ್ವೋ. ನಿಮ್ಮ ಕದ ಮುಂದೆ ನುಗ್ಗಿ ಬಂದು ಜಾರಿ ಬಿದ್ದ. ಗೋಲು ಬಾಯಿ ತೆಕ್ಕೊಂಡು ಕೂತಿದೆ. ಚೆಂಡು ನನ್ನ ಕಾಲಲ್ಲಿ. ಮಧ್ಯೆ ನಿಮ್ಮಪ್ಪ ಒಬ್ಬನೇ. ನಾನು ಬಲಕ್ಕೆ ಹೋದ ಹಾಗೆ ಮಾಡಿ ಎಡಕ್ಕೆ ಹೊರಳಿದೆ. ಮೋಸ ಹೋದ. ಪೂರ್ತಿ ಮೋಸ ಹೋದ, ಬರ್ಕೊ ಅದನ್ನ. ಗೋಲು ಆಗೇ ಹೋಗಿತ್ತು. ಅಷ್ಟರಲ್ಲಿ ಆ ಹಾಳು ತೊಟ್ಟಿ. ಅದರ ನೀರು ಸೋರಿ ನಿಲ್ಲೋ ಮೂಲೇಲಿ ಕಾಲು ಜಾರ್ತು, ತೊಟ್ಟಿಯ ಕಲ್ಲಂಚಿಗೆ ತಲೆ ಬಡೀತು."

"ಆಮೇಲೆ?"

"ಆಮೇಲೆ ನಿಮ್ಮಪ್ಪ ನನ್ನ ಗೋಲು ತಿಂದ."

"ನಿಮಗೇನು ಗೊತ್ತು ಆಮೇಲಿನದು?" ಎಂದಳು ಹೆಂಡತಿ. ಬಟ್ಟಲು ಕೆಳಗಿಟ್ಟು, ಕೈ ಒರೆಸಿಕೊಂಡು, ಅಕ್ಕನ ಎದುರಿಗೆ ಕೂತಳು. "ಇವರು ಬಿದ್ದಿದ್ರು. ಕಂಡವಳು ನಾನು. ಮದುವೆಯಾಗಿ ಎರಡು ತಿಂಗಳು, ಗೋಡೆ ಆಚೆ ಪೆಟ್ಟಿಗೆ ಮೇಲೆ ನಿಂತು ನೋಡ್ತಿದ್ದೆ. ಇನ್ನು ಮೇಲೆ ಬೈಗುಳ ಇಲ್ಲ ತಾಯಿ. ಏಳ್ತೀಯಾ?"

ಅಕ್ಕ ನಿಜವಾಗಿಯೂ ಎದ್ದಳು. ಹೆಂಡತಿ ಅವಳ ಮಣಿಕಟ್ಟು ಹಿಡಿದಳು. ಹಿಡಿತ ಗಟ್ಟಿಯಾಗಿತ್ತು.

"ಅದು ನಿಮ್ಮ ಕೊಟ್ಟಿಗೆ. ಇದು ನನ್ನ ಅಡುಗೆಮನೆ. ಕೂತ್ಕೊ."

ಕೂತಳು.

"ಇವರು ಮುಖ ಅಡಿಯಾಗಿ ಆ ನೀಲಿ ನೀರಲ್ಲಿ ಬಿದ್ದಿದ್ರು. ಗೇಣುದ್ದ ನೀರು. ಮೂಗು ಮುಳುಗೋಕೆ ಎಷ್ಟು ಬೇಕು? ಅಲ್ಲಾಡ್ತಾ ಇರ್ಲಿಲ್ಲ. ಇಪ್ಪತ್ತು ಜನ ಚೆಂಡು ನೋಡ್ತಿದ್ರು, ಒಬ್ಬನೂ ಇವರನ್ನ ನೋಡ್ಲಿಲ್ಲ. ನಿಮ್ಮಪ್ಪ ತಿರುಗಿ ಎರಡು ಹೆಜ್ಜೆ ಓಡಿ ಬಂದ್ರು. ಚೆಂಡು ಅಲ್ಲೇ ಇತ್ತು. ಒದ್ದಿದ್ರೆ ಮುಗೀತಿತ್ತು, ಗೋಲೂ ಉಳೀತಿತ್ತು. ಒದ್ರೆ ಆಟ ನಡೆಯುತ್ತೆ. ನಡೆದ್ರೆ ಎಲ್ಲರೂ ಇವರನ್ನ ತುಳ್ಕೊಂಡು ಓಡ್ತಾರೆ. ನಿಲ್ಲಿಸ್ಬೇಕಲ್ಲ? ಚೆಂಡಿನ ಮೇಲೆ ಕೂತುಬಿಟ್ರು."

"ಕೂತರಾ?"

"ಕೂತ್ರು. ಕೋಳಿ ಕಾವಿಗೆ ಕೂತ ಹಾಗೆ. ಕೂತು ಇವರನ್ನ ಎಳೆದು ತೊಡೆ ಮೇಲೆ ಬೋರಲು ಹಾಕ್ಕೊಂಡು ಬೆನ್ನಿಗೆ ಗುದ್ದೋಕೆ ಶುರು ಮಾಡಿದ್ರು. ನಮ್ಮವರು ಬಂದು ಚೆಂಡಿಗೆ ಒದೀತಾರೆ, ಒದ್ದಿದ್ದೆಲ್ಲ ನಿಮ್ಮಪ್ಪನಿಗೆ ಬೀಳುತ್ತೆ, ಏಳಲಿಲ್ಲ. ಕೊನೆಗೆ ಇವರು ಒಂದು ಸಲ ಕೆಮ್ಮಿದ್ರು. ಅಯ್ಯೋ, ಆ ಕೆಮ್ಮು. ಗೋಡೆ ಆಚೆಗೆ ಕೇಳ್ತು ನಂಗೆ. ಅಷ್ಟು ಹೊತ್ತಿಗೆ ರೆಫ್ರಿ ಬಂದ. ಅವನಿಗೆ ಬೆನ್ನು ಮಾತ್ರ ಕಾಣ್ತಿತ್ತು. ಏನಯ್ಯಾ, ಚೆಂಡಿನ ಮೇಲೆ ಯಾಕೆ ಕೂತಿದ್ದೀಯ ಅಂತ ಗದರಿಸಿದ. ನಿಮ್ಮಪ್ಪ ತಲೇನೂ ಎತ್ತಲಿಲ್ಲ, ಬೆನ್ನು ತಟ್ಟೋದು ನಿಲ್ಲಿಸ್ಲೂ ಇಲ್ಲ. ‘ಬೇರೆ ಕಡೆ ಎಲ್ಲ ಒದ್ದೆ ಸ್ವಾಮೀ’ ಅಂದ್ರು."

ಮೂವರೂ ಸುಮ್ಮನಿದ್ದರು. ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಆಮೇಲೆ ಅಕ್ಕನಿಗೆ ಹೊಟ್ಟೆಯೊಳಗಿಂದ ನಗು ಬಂತು. ತಡೆಯಲಾಗಲಿಲ್ಲ, ಮೇಜಿನ ಮೇಲೆ ತಲೆಯಿಟ್ಟು ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. ತೊಟ್ಟಿಯ ಹತ್ತಿರ ನಿಂತು ಕೇಳಿದ ಆ ನಿಶ್ಶಬ್ದ, ಆ ನಗು, ಎರಡೂ ಈಗ ಅದೇ ಕ್ರಮದಲ್ಲಿ ಅವಳ ಒಳಗಿಂದಲೇ ಬಂದಿದ್ದವು.

"ನಗು ನಗು," ಎಂದ ತಾತ. "ರೆಫ್ರಿ ಫ್ರೀ ಕಿಕ್ ಕೊಟ್ಟ. ಒಬ್ಬ ತಟ್ಟಿದ, ನಮ್ಮ ನಾಯಕ ಹೊಡೆದ. ಫೈನಲ್ ಕಪ್ ನಮಗೆ ಬಂತು. ಗೋಲು ಯಾರ ಹೆಸರಿಗೆ? ನಾಯಕನ ಹೆಸರಿಗೆ. ಹೊಡೀಬೇಕಾದೋನು ನಾನು. ಮನೇಲಿ ಮಲಗಿ ಮೂರು ದಿನ ನೀಲಿ ಉಗುಳ್ತಾ ಇದ್ದೆ."

"ಉಗುಳೋಕೆ ಇದ್ರಲ್ಲ," ಎಂದಳು ಹೆಂಡತಿ.

"ಅದಕ್ಕೇ ಅವನನ್ನ ಬೈಯೋದು. ಗೋಲು ತಿನ್ನದೆ ಇದ್ದಿದ್ರೆ ಒಂದು ಸಲ ಥ್ಯಾಂಕ್ಸ್ ಹೇಳಿ ಮುಗಿಸ್ಬಹುದಿತ್ತು. ಈಗ ಕಂಡಾಗೆಲ್ಲ ಬೈಬೇಕು."

ಆಗ ಅಕ್ಕನಿಗೆ ಅರ್ಥವಾಯಿತು, ಅಪ್ಪ ಮಾರುಕಟ್ಟೆಯಲ್ಲಿ ಬೈಸಿಕೊಂಡು ಬಂದ ದಿನ ಒಂದು ತುತ್ತು ಹೆಚ್ಚು ಉಣ್ಣುತ್ತಿದ್ದದ್ದು ಯಾಕೆಂದು. ಮೋಡದ ತಂಡ ಗೆದ್ದ ಆಟಗಳನ್ನೆಲ್ಲ ಹೇಳಿದ್ದ ಅಪ್ಪ, ಫೈನಲ್ ಒಂದನ್ನು "ಸೋತ್ವಿ" ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದ. ಆ ಒಂದು ಕಪ್ ಕೂಡ ಕೈತಪ್ಪಿದ್ದು ಅವನಿಂದ. ಹಾಗಿದ್ದೂ ಆ ಹತ್ತು ಜನ, ಕಪ್ ಕಳೆದುಕೊಂಡವರು, ಮುಂದಿನ ಪ್ರತಿ ಮೋಡದ ದಿನವೂ ದುಂಡಗೆ ಕೂತು ಅದನ್ನೇ ಅವನ ಪದವಾಗಿ ಹೇಳಿದರು. ಅವನು ತಡೆದ ನೂರು ಚೆಂಡುಗಳಲ್ಲಿ ಒಂದನ್ನೂ ಆರಿಸಲಿಲ್ಲ. ಎಂಥ ಜನ ಎಂದುಕೊಂಡಳು. ಇಷ್ಟು ವರ್ಷ ಹತ್ತು ಜನರ ಪದ ಬಾಯಿಪಾಠವಿತ್ತು. ಆ ಹತ್ತು ಜನ ಯಾರು ಎನ್ನುವುದು ಇವತ್ತು ತಿಳಿದ ಹಾಗಿತ್ತು.

ಹೊರಡುವಾಗ ತಾತ ಬೆನ್ನು ಕಿತ್ತ ಪುಸ್ತಕವನ್ನು ಕೊಟ್ಟ. ಹೆಂಡತಿ ಕಪಾಟಿನಿಂದ ಇನ್ನೇನನ್ನೋ ತೆಗೆಯುತ್ತಿದ್ದಳು. "ಶನಿವಾರ ಇಬ್ಬರೂ ಬರ್ತೀವಿ," ಎಂದಳು. "ಬೀಳೋವರೆಗೆ ಇವರು ಹೇಳಲಿ. ಬಿದ್ದ ಮೇಲೆ ನಾನು."

ಶನಿವಾರ ಬೆಳಿಗ್ಗೆ ಮೋಡವಿತ್ತು. ಕೊಟ್ಟಿಗೆಗೆ ಸುಣ್ಣ ಬಳಿದು, ಗೋಡೆಗೆ ಮೊಳೆ ಹೊಡೆದು, ಶಾಲೆಯವರು ಬಟ್ಟೆ ಬದಲಿಸುವ ಕೋಣೆ ಮಾಡಿಕೊಂಡಿದ್ದರು. ತಗಡಿನ ಮಾಡು ಹಳೆಯದೇ. ಹನ್ನೊಂದು ಹುಡುಗಿಯರು ಕೆಸರು ಬೂಟು ಹಾಕಿಕೊಂಡೇ ದುಂಡಗೆ ಕೂತಿದ್ದರು. ಅವರ ನಡುವೆ ಮೂರು ಕುರ್ಚಿ. ಒಂದರಲ್ಲಿ ಅಪ್ಪ, ಮಡಿಲಲ್ಲಿ ಪುಸ್ತಕ. ನೀಲಿ ಬಟ್ಟೆಯ ರಟ್ಟು, ದಾರ ಹೊಲಿದ ಬೆನ್ನು. ಅವನು ಅದನ್ನು ಬಿಚ್ಚಲಿಲ್ಲ. ಕಣ್ಣು ಮುಚ್ಚಿ ಹತ್ತು ಜನರ ಪದವನ್ನೂ ಹೇಳಿದ. ದಡೂತಿಯ ಪದ ಬಂದಾಗ ಹುಡುಗಿಯರು ತಮ್ಮಲ್ಲೊಬ್ಬಳ ಕಡೆ ನೋಡಿ ಕಿಸಕ್ಕೆಂದರು. ಆ ಹುಡುಗಿ ತಲೆ ತಗ್ಗಿಸಲಿಲ್ಲ, ಎದ್ದು ಎಲ್ಲರಿಗೂ ಬಾಗಿ ವಂದಿಸಿದಳು.

ಆಗ ಸಿಗ್ನಲ್ ತಾತ ಕೋಟು ಬಿಚ್ಚಿದ. ಒಳಗೆ ಹಳೆಯ ಬಿಳಿ ಅಂಗಿ, ರೈಲು ಯಾರ್ಡಿನ ತಂಡದ್ದು, ಹೊಟ್ಟೆಯ ಹತ್ತಿರ ಗುಂಡಿ ಕೂಡುತ್ತಿರಲಿಲ್ಲ. ಅಪ್ಪನಿಗೆ ಕಾಣುವ ಹಾಗೆ ಅವನು ಬೆನ್ನು ತಿರುಗಿಸಿದ. ಬೆನ್ನ ಮೇಲೆ ನೀಲಿ ಅಂಗೈ, ಐದು ಬೆರಳು, ಅದರ ಪಕ್ಕ ಇನ್ನೊಂದು, ಅದರ ಮೇಲೆ ಮತ್ತೊಂದು.

"ಎಂಟು ಸಲ ಒಗೆದೆ," ಎಂದಳು ಹೆಂಡತಿ. "ಆಮೇಲೆ ಬಿಟ್ಟುಬಿಟ್ಟೆ."

ಅಪ್ಪ ಕೈ ಚಾಚಿ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿದ. ಬೆಳಕಿಗೆ ಓರೆ ಮಾಡಿ ನೋಡಿದ. ತನ್ನ ಆಟದ ಬಗ್ಗೆ ಅವನು ಮಾತಾಡುವಂತಿರಲಿಲ್ಲ, ಬಣ್ಣದ ಬಗ್ಗೆ ಮಾತಾಡಲು ಅಡ್ಡಿಯಿರಲಿಲ್ಲ.

"ಬಣ್ಣ ಬಿಟ್ಟಿಲ್ಲ," ಎಂದ. "ಒಳ್ಳೆ ಹಂಡೆ ಅದು."

ತಾತ ಅವನ ಪಕ್ಕದ ಕುರ್ಚಿಯಲ್ಲಿ ಕೂತು ಗಂಟಲು ಸರಿಮಾಡಿಕೊಂಡ. "ಇನ್ನು ಈ ಗೋಲು ತಿಂದವನ ಸಮಾಚಾರ," ಎಂದ. ಅಪ್ಪ ತಲೆ ತಗ್ಗಿಸಿ ನೆಲ ನೋಡಿದ. ಹನ್ನೊಂದನೆಯ ಹಾಳೆಯಲ್ಲಿ ಗಂಡ ಹೆಂಡತಿಯ ಮಾತು ಅವರವರ ಮಾತಿನಲ್ಲೇ ಇತ್ತು, ಅಕ್ಕನೇ ಬರೆದದ್ದು, ಅಕ್ಷರ ಅಕ್ಷರ ಗೊತ್ತಿದ್ದದ್ದು. ಆದರೂ ಅವಳು ಹೊಸ್ತಿಲಿನಿಂದ ಎದ್ದಳು. ಅಪ್ಪ ನೆಲ ನೋಡುತ್ತಿರುವಾಗ ತಾನು ಒಳಗಿರುವುದು ಸರಿಬರಲಿಲ್ಲ.

ತೊಟ್ಟಿ ಅದೇ ಮೂಲೆಯಲ್ಲಿತ್ತು. ಹುಡುಗಿಯರು ಬೂಟು ತೊಳೆಯಲೆಂದು ನಲ್ಲಿ ಹಾಕಿಸಿದ್ದರು. ನೀರು ಈಗ ತಿಳಿ. ಕಲ್ಲಂಚು ಸವೆದು ನುಣುಪಾಗಿತ್ತು. ಅವಳು ಅದರ ಮೇಲೆ ಕೂತು, ಬೆರಳ ಸಂದಿಯಲ್ಲಿ ಒಣಗಿದ್ದ ಅಂಟನ್ನು ನೀರಲ್ಲಿ ನೆನೆಸಿದಳು. ಒಳಗೆ ಗಂಡು ದನಿ ಏರಿತು, ತಡವರಿಸಿತು, ನಿಂತಿತು. ಹೆಣ್ಣು ದನಿ ಮುಂದುವರಿಯಿತು, ಮೆಲ್ಲಗೆ, ಬಹಳ ಹೊತ್ತು. ಆಮೇಲೆ ನಿಶ್ಶಬ್ದ.

ಆಮೇಲೆ ನಗು. ಹತ್ತು ಗಂಡಸರದ್ದಲ್ಲ, ಹನ್ನೊಂದು ಹುಡುಗಿಯರದ್ದು, ಎರಡು ಮೂರು ಪಟ್ಟು ಎತ್ತರದ್ದು. ಆದರೆ ತಗಡು ಅದುರಿದ ಸದ್ದು ಅದೇ.

ಬಾಗಿಲಿಗೆ ಸಿಗ್ನಲ್ ತಾತ ಬಂದ. "ಬಾರಮ್ಮಾ, ನಿಮ್ಮಪ್ಪಂದು ಮುಗೀತು."

ಅವಳು ಕೈ ಒರೆಸಿಕೊಂಡು ಎದ್ದಳು. ಒಳಗಿಂದ ಯಾರೋ ಕೂಗಿದರು, ಅದಕ್ಕೆ ಇನ್ನೂ ನಾಲ್ಕು ದನಿ ಸೇರಿತು. ತಾತ ಹಿಂದಕ್ಕೆ ತಿರುಗಿ ಕೇಳಿಸಿಕೊಂಡು, ಮತ್ತೆ ಇವಳ ಕಡೆ ನೋಡಿದ.

"ಅಲ್ಲೇ ಇರಮ್ಮಾ. ಇನ್ನೊಂದು ಸಲ ಹೇಳ್ಬೇಕಂತೆ."

ಅವಳು ತೊಟ್ಟಿಯ ಅಂಚಿನ ಮೇಲೆ ಮತ್ತೆ ಕೂತು, ಕೈಯನ್ನು ನೀರಿಗೆ ಇಳಿಬಿಟ್ಟಳು.